ಗೋಪಮ್ಮನ ಉಪ್ಪಿಲ್ಲದ ಒಲೆ

ಮಾನ್ವಿಯ ಗೋಪಮ್ಮನನ್ನು ಯಾರಾದರೂ "ಪುಂಡಿಪಲ್ಯ ಹೆಂಗ ಮಾಡ್ತೀರಿ?" ಎಂದು ಕೇಳಿದರೆ ಮೊದಲು ಆಕೆಗೆ ಸಿಟ್ಟು ಬರುತ್ತದೆ. "ಹೆಂಗ ಮಾಡ್ತಾರ? ಒಲಿ ಹಚ್ಚಿ ಮಾಡ್ತಾರ," ಎಂದು ಮುಖ ತಿರುಗಿಸುತ್ತಾಳೆ. ಕೇಳಿದವರು ಅಷ್ಟಕ್ಕೇ ಎದ್ದು ಹೋದರೆ ಹೋದರು. ಹೋಗದೆ ಕುಳಿತರೋ, ಸ್ವಲ್ಪ ಹೊತ್ತಿಗೆ ತಾನೇ ಶುರು ಮಾಡುತ್ತಾಳೆ, ಆಮೇಲೆ ಆಕೆಯನ್ನು ನಿಲ್ಲಿಸುವವರು ಇನ್ನೂ ಹುಟ್ಟಿಲ್ಲ. ಎಳೆಯ ಪುಂಡಿಸೊಪ್ಪನ್ನೇ ಬಿಡಿಸಿಕೊಳ್ಳಬೇಕು, ದಂಟು ಬರಬಾರದು. ಒಂದು ಕುದಿ ಕುದಿಸಿ ಹುಳಿನೀರು ಬಸಿಯಬೇಕು, ಹಾಗಂತ ಪೂರ್ತಿ ಬಸಿದರೆ ಅದು ಪಲ್ಯವಲ್ಲ, ಎಮ್ಮೆಯ ಮೇವು. ತೊಗರಿಬೇಳೆ ಒಂದು ಹಿಡಿ, ಜೋಳದ ನುಚ್ಚು ಒಂದು ಹಿಡಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕಲ್ಲಿನಲ್ಲಿ ಜಜ್ಜಿದ್ದು. ಮಿಕ್ಸರಿಗೆ ಹಾಕಿದಿರಿ ಅಂದರೆ ನನ್ನ ಹೆಸರು ಹೇಳಬೇಡಿ. ಬೆಂದ ಮೇಲೆ ಮರದ ಸೌಟಿನಿಂದ ಚೆನ್ನಾಗಿ ನುರಿದು, ಕೊನೆಗೆ ಶೇಂಗಾ ಎಣ್ಣೆಯ ಒಗ್ಗರಣೆ, ಕೈ ಬಿಗಿ ಹಿಡಿಯದೆ.

"ಮತ್ತ ಉಪ್ಪು ಎಷ್ಟ್ರಿ?" ಎಂದು ಕೇಳಿದವರಿಗೆ ಮಾತ್ರ ಆಕೆ ಇವತ್ತಿಗೂ ಉತ್ತರ ಕೊಡುವುದಿಲ್ಲ. "ಅದು ಕೈಗೆ ಗೊತ್ತಿರ್ತದ, ನಿಮಗ್ಯಾಕ?" ಎನ್ನುತ್ತಾಳೆ. ಇಂಥ ಗೋಪಮ್ಮನ ಒಲೆ ಕಳೆದ ವರ್ಷ ಎರಡೂವರೆ ತಿಂಗಳು ಉಪ್ಪಿನ ಮುಖ ನೋಡಲಿಲ್ಲ ಅಂದರೆ ಯಾರು ನಂಬುತ್ತಾರೆ? ಆದರೆ ಅದು ನಡೆದದ್ದು ನಿಜ.

ಗೋಪಮ್ಮ ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ. ಏಳು ಮಕ್ಕಳ ಮನೆ. ಅವ್ವ ಕೂಲಿಗೆ ಹೋದರೆ ಹಿರಿಯ ಮಗಳೇ ಒಲೆಯ ಮುಂದೆ. ಹತ್ತು ವರ್ಷದವಳಿದ್ದಾಗ ಮೊಣಕಾಲೂರಿ ರೊಟ್ಟಿ ಬಡಿಯಲು ಕಲಿತಳು, ಮೊದಮೊದಲು ಅವು ಭಾರತದ ನಕಾಶೆಯ ಹಾಗೆ ಬರುತ್ತಿದ್ದವು, ತಮ್ಮಂದಿರು ನಗುತ್ತಲೇ ತಿಂದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಮಾನ್ವಿಗೆ ಬಂದಳು. ಗಂಡ ಮೌನಪ್ಪ ಗೌಂಡಿ, ಗೋಡೆ ಕಟ್ಟುವವನು. ಹೆಸರಿಗೆ ತಕ್ಕ ಹಾಗೆ ಮಾತು ಕಮ್ಮಿ, ಊಟ ಜಾಸ್ತಿ. ಬೆಳಿಗ್ಗೆ ನಾಲ್ಕು ರೊಟ್ಟಿ ಉಂಡು, ನಾಲ್ಕು ಕಟ್ಟಿಸಿಕೊಂಡು ಕೆಲಸಕ್ಕೆ ಹೋಗುವ ಆಳು.

ಆ ಮನೆಯಲ್ಲಿ ಯಾವ ತಾಪತ್ರಯ ಬಂದರೂ ಮೊದಲು ಒಲೆಗೇ ವರದಿ ಹೋಗುತ್ತಿತ್ತು. ಜ್ವರ ಬಂದರೆ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ, ಮೇಲೆ ಹುರಿದ ಬೆಳ್ಳುಳ್ಳಿ. ಮಗ ಪಂಪಾಪತಿ ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದ ದಿನ ಬೈಗುಳವೇನೂ ಬರಲಿಲ್ಲ, ಬೆಲ್ಲ ಹಾಕಿದ ಗೋಧಿ ಸಜ್ಜಕ ಬಂತು. ಗಂಡ ಹೆಂಡತಿಗೆ ಜಗಳವಾದರೆ ಬದನೆಕಾಯಿ ಎಣ್ಣೆಗಾಯಿ. ಆಕೆ ಮಾತಾಡದೆ ಬಡಿಸುವಳು, ಅವನು ಮಾತಾಡದೆ ಉಣ್ಣುವನು, ಮೂರನೆಯ ರೊಟ್ಟಿಯ ಹೊತ್ತಿಗೆ ಇಬ್ಬರಿಗೂ ಮಾತು ಬಂದಿರುತ್ತಿತ್ತು. ಮೂವತ್ತು ವರ್ಷದ ಸಂಸಾರ ಹೀಗೇ ನಡೆದು ಬಂತು.

ಕಳೆದ ದಸರೆ ಮುಗಿದ ವಾರ ಮೌನಪ್ಪನ ಕಣ್ಣು ಹಳದಿಯಾದವು. ಕಾಮಾಲೆ. ಮಾನ್ವಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಗುಳಿಗೆ ಬರೆದುಕೊಟ್ಟರು, ಮೌನಪ್ಪ ತಕರಾರಿಲ್ಲದೆ ನುಂಗಿದ. ಆದರೆ ಅವರ ಮನೆತನದಲ್ಲಿ ಕಾಮಾಲೆ ಅಂದರೆ ಗುಳಿಗೆಯ ಜೊತೆಗೆ ಗೂಗಲ್ ಎಂಬ ಹಳ್ಳಿಯ ಮುದುಕಮ್ಮನ ಎಲೆ ಔಷಧವೂ ಆಗಲೇಬೇಕು. ಮುದುಕಮ್ಮ ಕೃಷ್ಣೆಯ ದಂಡೆಯ ಮುದುಕಿ, ಮೂರು ಬೆಳಿಗ್ಗೆ ಹಸಿದ ಹೊಟ್ಟೆಗೆ ಯಾವುದೋ ಎಲೆ ಅರೆದು ಕೊಡುತ್ತಿದ್ದಳು. ಕೊಟ್ಟು ಪಥ್ಯ ಕಟ್ಟುವಳು: ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ಆ ಪಥ್ಯಕ್ಕೆ ಒಂದು ಕಟ್ಟಳೆ ಇತ್ತು. ಇಪ್ಪತ್ತೊಂದನೆಯ ದಿನ ರೋಗಿ ವಾಪಸ್ ಹೋಗಬೇಕು, ಮುದುಕಮ್ಮ ತನ್ನ ಕೈಯಾರೆ ಉಪ್ಪಿನ ಮೊದಲ ತುತ್ತು ಬಾಯಿಗಿಡಬೇಕು. ಅಲ್ಲಿಯತನಕ ಪಥ್ಯ ಬಿಟ್ಟ ಹಾಗಲ್ಲ.

ಇಪ್ಪತ್ತೊಂದನೆಯ ದಿನ ಗಂಡ ಹೆಂಡತಿ ಇಬ್ಬರೂ ಸಿರವಾರ, ದೇವದುರ್ಗ ದಾಟಿ ಗೂಗಲ್ಲಿಗೆ ಹೋದರು. ಮುದುಕಮ್ಮನ ಬಾಗಿಲಿಗೆ ಬೀಗ.

"ಬಚ್ಚಲದಾಗ ಜಾರಿ ಬಿದ್ಲು ನೋಡ್ರಿ. ಮೊಮ್ಮಗಳು ಬಂದು ರಾಯಚೂರಿಗೆ ಕರ್ಕೊಂಡು ಹೋದ್ಲು," ಎಂದಳು ಪಕ್ಕದ ಮನೆಯ ಜಾಹೆದಾ. "ಅಮಾಸಿಗೆ ಬರ್ತಾಳ, ಬರ್ರಿ."

ಅಮಾವಾಸ್ಯೆಗೆ ಹೋದರು. ಬೀಗ. ಮುಂದಿನ ವಾರ ಗೋಪಮ್ಮ ಒಬ್ಬಳೇ ಹೋದಳು, ಅದೇ ಬೀಗ. ಮೊಮ್ಮಗಳು ರಾಯಚೂರಿನ ಯಾವುದೋ ಆಸ್ಪತ್ರೆಯಲ್ಲಿ ನರ್ಸು ಅನ್ನುವುದಷ್ಟೇ ಗೊತ್ತು. ರಾಯಚೂರಿನಲ್ಲಿ ಆಸ್ಪತ್ರೆಗಳೇನು ಒಂದೇ ಎರಡೇ?

ಇತ್ತ ಡಾಕ್ಟರು ಎರಡನೆಯ ಸಲ ರಕ್ತ ನೋಡಿ, ಎಲ್ಲ ಸರಿಯಾಗಿದೆ, ಇನ್ನು ಮನೆಯ ಊಟ ಮಾಡಿ ಎಂದರು. ಗೋಪಮ್ಮನಿಗೆ ಅಲ್ಲೇ ಡಾಕ್ಟರ ಕಾಲು ಹಿಡಿಯುವಷ್ಟು ಖುಷಿಯಾಯಿತು. ಮೌನಪ್ಪ ಮಾತ್ರ ಹೊರಗೆ ಬಂದವನೇ ತಲೆ ಅಲ್ಲಾಡಿಸಿದ.

"ಪತ್ಯ ಕಟ್ಟಿದಾಕಿ ಮುದುಕಮ್ಮ. ಡಾಕ್ಟರ್ ಹೆಂಗ ಬಿಡಿಸ್ತಾನ?"

"ರಕ್ತ ಸರಿ ಆಗ್ಯಾದ ಅಂತ ಕಾಗದದಾಗ ಬರದಾರಲ್ರಿ!"

"ನಮ್ಮಣ್ಣಂದೂ ಸರಿ ಆಗಿತ್ತು," ಎಂದ ಮೌನಪ್ಪ.

ಗೋಪಮ್ಮ ಆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೌನಪ್ಪನ ಅಣ್ಣ ಬೂದೆಪ್ಪ ಇಪ್ಪತ್ತು ವರ್ಷದ ಹಿಂದೆ ಇದೇ ಕಾಮಾಲೆಗೆ ಇದೇ ಪಥ್ಯದಲ್ಲಿದ್ದಾಗ, ದೇವದುರ್ಗದ ಸಂತೆಯಲ್ಲಿ ಬಿಸಿ ಬಿಸಿ ಮಿರ್ಚಿಭಜಿಯ ವಾಸನೆಗೆ ಸೋತು ಎರಡು ತಿಂದಿದ್ದ. ಹದಿನೈದು ದಿನಕ್ಕೆ ತೀರಿಕೊಂಡ. ಅವನು ಸತ್ತದ್ದು ಭಜಿಯಿಂದಲೋ, ಕುಡಿತದಿಂದ ಮೊದಲೇ ಕೆಟ್ಟ ಲಿವರಿನಿಂದಲೋ, ಯಾರು ಹೇಳಬೇಕು? ಆದರೆ ಅಣ್ಣನ ಹೆಣ ಹೊತ್ತ ಮೌನಪ್ಪನ ತಲೆಯಲ್ಲಿ ಕುಳಿತದ್ದು ಭಜಿಯೇ.

ಹೀಗಾಗಿ ಮನೆಯಲ್ಲಿ ಎರಡು ಒಲೆಯಾದವು. ಒಳಗೆ ಗ್ಯಾಸಿನ ಮೇಲೆ ಸೊಸೆ ಮಲ್ಲಿಕಾ ತನಗೆ, ಗಂಡನಿಗೆ, ಮಕ್ಕಳಿಗೆ ಮಾಡುವಳು. ಹಿತ್ತಲಿನ ಮಣ್ಣೊಲೆಯ ಮೇಲೆ ಗೋಪಮ್ಮ ಮೌನಪ್ಪನಿಗೆ ಮಾಡುವಳು. ಒಂದು ಒಲೆಯ ಸೌಟು ಇನ್ನೊಂದಕ್ಕೆ ಹೋಗಬಾರದೆಂದು ಪಾತ್ರೆಗಳನ್ನೂ ಬೇರೆ ಮಾಡಿದ್ದಳು. ಬಿಳಿ ನುಚ್ಚು, ಬಿಳಿ ಗಂಜಿ, ನೀರಲ್ಲಿ ಬೇಯಿಸಿದ ಹೀರೇಕಾಯಿ. ಅದನ್ನು ಬಡಿಸುವಾಗ ಆಕೆಗೆ ನಾಚಿಕೆಯಾಗುತ್ತಿತ್ತು. ತನ್ನ ಕೈಯಿಂದ ಇಂಥ ಊಟ ಹೋಗುತ್ತಿದೆಯಲ್ಲ ಎಂದು ತಾಟಿಟ್ಟು ಮುಖ ತಿರುಗಿಸುವಳು.

ಮೌನಪ್ಪ ಮೊದಮೊದಲು ಉಂಡ. ಆಮೇಲೆ ಅರ್ಧ ಬಿಟ್ಟ. ಆಮೇಲೆ ತಾಟಿನ ಮುಂದೆ ಕುಳಿತು ಎರಡು ತುತ್ತು ನುಂಗಿ ಏಳತೊಡಗಿದ. ಅಂಗಿ ಗೂಟಕ್ಕೆ ಹಾಕಿದಂತೆ ಮೈಮೇಲೆ ಜೋಲುತ್ತಿತ್ತು. ಒಂದು ದಿನ ಕೆಲಸಕ್ಕೆಂದು ಹೋದವನು ಹತ್ತು ಗಂಟೆಗೇ ವಾಪಸ್ ಬಂದು, "ಕೈ ನಡುಗ್ತಾವ, ಇಟ್ಟಂಗಿ ಎತ್ತಾಕ ಆಗವಲ್ದು," ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ರೋಗ ಹೋಗಿತ್ತು, ಮನುಷ್ಯ ಹೋಗುತ್ತಿದ್ದ. ಗೋಪಮ್ಮನಿಗೆ ಭಯವಾಯಿತು, ಅಂಥಿಂಥ ಭಯವಲ್ಲ, ಕುಂಕುಮ ಅಳಿಸುವ ಭಯ.

ಭಯದಲ್ಲಿ ಮನುಷ್ಯರು ಮಾಡಬಾರದ್ದನ್ನು ಮಾಡುತ್ತಾರೆ. ಆಕೆಯೂ ಮಾಡಿದಳು. ಒಂದು ಸಂಜೆ ಅವನ ನುಚ್ಚಿಗೆ ಚಿಟಿಕೆ ಉಪ್ಪು ಹಾಕಿ, ಏನೂ ಅರಿಯದವಳಂತೆ ಮುಂದಿಟ್ಟಳು. ತಿಂಗಳ ಮೇಲಾಗಿತ್ತು ಅವನ ನಾಲಿಗೆಗೆ ಉಪ್ಪು ಬಿದ್ದು. ಗೊತ್ತಾಗದೆ ಇರುತ್ತದೆಯೇ? ಮೊದಲ ತುತ್ತಿಗೇ ಮೌನಪ್ಪ ಹಿತ್ತಲಿಗೆ ಓಡಿ ಉಗುಳಿದ, ಬಾಯಿ ತೊಳೆದ, ಮತ್ತೆ ತೊಳೆದ. ಬೈಯಲಿಲ್ಲ. ತಿರುಗಿ ಬಂದು ಆಕೆಯ ಮುಖ ನೋಡಿ, "ನೀನಾರ ಹಿಂಗ ಮಾಡ್ತಿ ಅಂತ ತಿಳ್ಕೊಂಡಿರ್ಲಿಲ್ಲ ಗೋಪಿ," ಎಂದ. ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಆ ಎರಡು ದಿನ ಗೋಪಮ್ಮ ಹಿತ್ತಲಲ್ಲಿ ಕುಳಿತು ಅತ್ತದ್ದನ್ನು ಮಲ್ಲಿಕಾ ನೋಡಿದ್ದಾಳೆ. ಮೂರನೆಯ ದಿನ ಆಕೆ ಎದ್ದು ಒಲೆ ಸಾರಿಸಿ, ಉಪ್ಪಿನ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, "ಇದು ನನ್ನ ಕಡಿ ಬರಬಾರ್ದು," ಎಂದಳು.

ಡಿಸೆಂಬರಿನಲ್ಲಿ, ಹಸಿ ತೊಗರಿಕಾಯಿ ಸಂತೆಗೆ ಬಂದ ಹೊತ್ತಿಗೆ, ಗೂಗಲ್ಲಿನ ಪಕ್ಕದ ಮನೆಯ ಜಾಹೆದಾಳ ಫೋನು ಬಂತು. ಮುದುಕಮ್ಮನ ಮೊಮ್ಮಗಳು ಶಶಿಕಲಾ ಮನೆಯ ಸಾಮಾನು ಒಯ್ಯಲು ಗೂಗಲ್ಲಿಗೆ ಬಂದಿದ್ದಳಂತೆ, ನಂಬರು ಸಿಕ್ಕಿತು. ಮನೆ ರಾಯಚೂರಿನ ಆಶಾಪುರ ರಸ್ತೆಯಲ್ಲಿ.

ಮರುದಿನವೇ ಹೊರಟರು. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಗೋಪಮ್ಮ ಚೀಲದಲ್ಲಿ ಎಳೆಯ ಪುಂಡಿಸೊಪ್ಪಿನ ಎರಡು ಕಟ್ಟು, ಹೊಸದಾಗಿ ಬೀಸಿದ ಜೋಳದ ಹಿಟ್ಟು, ಒಂದಿಷ್ಟು ನುಚ್ಚು, ತೊಗರಿಬೇಳೆ ತುಂಬಿಕೊಂಡಳು. ಬಸ್ಸಿನಲ್ಲಿ ಕಲ್ಲೂರು ದಾಟುವಷ್ಟರಲ್ಲಿ ಮೌನಪ್ಪ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಆ ತಲೆಯ ಭಾರವೇ ಇರಲಿಲ್ಲ. ಇವತ್ತೊಂದು ದಿನ, ಇವತ್ತೊಂದು ದಿನ ದಾಟಿಸಪ್ಪಾ ಅಲ್ಲಮಪ್ರಭು ಎಂದು ಆಕೆ ಗೂಗಲ್ಲಿನ ಗುಡಿಯ ದೇವರಿಗೆ ರಾಯಚೂರಿನ ಬಸ್ಸಿನಿಂದಲೇ ಕೈ ಮುಗಿದಳು.

ಶಶಿಕಲಾ ಬಾಗಿಲು ತೆರೆದಳು. ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ತಲೆಗೆ ನೀರು ಹಾಕಿಕೊಂಡಿದ್ದಳು. ವಿಷಯ ಕೇಳಿ ಹಣೆ ಹಿಡಿದುಕೊಂಡಳು.

"ಎರಡೂವರಿ ತಿಂಗಳಿಂದ ಉಪ್ಪಿಲ್ದ ಉಣ್ಣಾಕತ್ತಾರಾ? ಯಪ್ಪಾ, ನಿಮ್ಮ ರಿಪೋರ್ಟ್ ಕೊಡ್ರಿಲ್ಲಿ." ಓದಿದಳು. "ನಿಮಗ ಏನೂ ಇಲ್ಲ. ಈಗಿಂದೀಗ ಉಣ್ಣಬಹುದು."

"ಅದು ಆತವ್ವ," ಎಂದ ಮೌನಪ್ಪ ವಿನಯವಾಗಿಯೇ, "ಆದ್ರ ನಿಮ್ಮಜ್ಜಿ ಕೈಯಿಂದ ಬಿಡಿಸ್ಬೇಕು."

ಶಶಿಕಲಾಳ ಮುಖ ಸಣ್ಣದಾಯಿತು. "ಅಜ್ಜಿಗಿ ಈಗ ಯಾರ ಗುರುತೂ ಇಲ್ರಿ. ಬಿದ್ದಾಗಿಂದ ಹಿಂಗಾಗ್ಯಾದ. ನನ್ನನ್ನೇ ಒಮ್ಮೆ ಮಗಳು ಅಂತಾಳ, ಒಮ್ಮೆ ಮಾಸ್ತರಬಾಯಿ ಅಂತಾಳ. ಊಟನೂ ಬಿಟ್ಟಾಳ. ಚಾ, ಬ್ರೆಡ್ಡು ಅಷ್ಟ."

ಮುದುಕಮ್ಮ ನಡುಮನೆಯ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಮೌನಪ್ಪ ಮುಂದೆ ಕುಳಿತು ಕೈ ಮುಗಿದ.

"ಯವ್ವಾ, ನಾ ಮಾನ್ವಿ ಮೌನಪ್ಪ. ದಸರಿ ಆದ ಮ್ಯಾಲೆ ಔಷಧ ಕೊಟ್ಟಿದ್ರಿ. ಪತ್ಯ ಬಿಡಸ್ರಿ ಯವ್ವಾ."

ಮುದುಕಿ ಅವನನ್ನು ಬಹಳ ಹೊತ್ತು ನೋಡಿದಳು. "ನೀ ಗಿರಣಿ ಸೂಗಪ್ಪನ ಮಗ ಅಲ್ಲೇನೋ? ಹಿಟ್ಟು ಬೀಸಾಕತ್ತೀರೋ ಇಲ್ಲೋ ಇವತ್ತು?"

ಮೌನಪ್ಪ ಇನ್ನೊಮ್ಮೆ ಹೇಳಿದ. ಮತ್ತೊಮ್ಮೆ ಹೇಳಿದ. ಮುದುಕಿ ಗಿರಣಿ ಬಿಟ್ಟು ಈಚೆ ಬರಲಿಲ್ಲ. ಕೊನೆಗೆ ಅವನು ಗೋಡೆ ಹಿಡಿದುಕೊಂಡು ಎದ್ದ. "ನಡಿ ಗೋಪಿ. ನನ್ನ ಹಣೇಬರಹ ಇಷ್ಟ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಜಗಳವಿರಲಿಲ್ಲ. ಅದಕ್ಕೇ ಗೋಪಮ್ಮ ಹೆದರಿದಳು. ಈ ಮನುಷ್ಯ ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮತ್ತೆ ಏಳುವುದಿಲ್ಲ ಎಂದು ಆಕೆಗೆ ಖಾತ್ರಿಯಾಯಿತು. ಏನು ಮಾಡಬೇಕೋ ತಿಳಿಯಲಿಲ್ಲ. ಏನು ಮಾಡಬೇಕೋ ತಿಳಿಯದಾಗ ಆಕೆ ಮೂವತ್ತು ವರ್ಷದಿಂದ ಏನು ಮಾಡುತ್ತ ಬಂದಿದ್ದಳೋ ಅದನ್ನೇ ಮಾಡಿದಳು.

"ಕೂಡ್ರಿ," ಎಂದಳು ಗಂಡನಿಗೆ, ಗದರಿಸಿಯೇ. "ಹಿರೀಕಿ ಹಸ್ಗೊಂಡು ಕುಂತಾಳ. ಒಂದು ತುತ್ತು ಮಾಡಿಕೊಟ್ಟು ಹೋಗೂಣು. ಶಶಿಕಲಾ, ನಿಮ್ಮ ಒಲಿ ಎಲ್ಲದವ್ವ?"

ಸೊಪ್ಪು ಬಿಡಿಸಿದಳು, ಕುದಿಸಿದಳು, ಅರ್ಧ ಬಸಿದಳು. ಬೇಳೆ, ನುಚ್ಚು ಬಿದ್ದವು. ಶಶಿಕಲಾ ಮಿಕ್ಸರ್ ತೋರಿಸಿದಾಗ ಗೋಪಮ್ಮ ನೋಡಿದ ನೋಟಕ್ಕೆ ಆ ಹುಡುಗಿ ತೆಪ್ಪಗೆ ಕುಟ್ಟುವ ಕಲ್ಲು ಹುಡುಕಿ ತಂದಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿದಳು. ಪಕ್ಕದ ಒಲೆಯ ಮೇಲೆ ಗಂಡನಿಗೆ ಅದೇ ಬಿಳಿ ನುಚ್ಚು. ಎಣ್ಣೆ ಕಾದು ಬೆಳ್ಳುಳ್ಳಿ ಸಿಡಿದದ್ದೇ ತಡ, ಆ ಘಮಕ್ಕೆ ನಡುಮನೆಯಲ್ಲಿ ಮುದುಕಮ್ಮನ ಮಾತು ನಿಂತಿತು. ಗಿರಣಿಯೂ ನಿಂತಿತು.

"ಯಾರಬೇ ಅದು, ಪುಂಡಿಪಲ್ಯ ಮಾಡಾಕತ್ತಿದ್ದು?" ಎಂದು ಒಳಗೆ ಕೇಳುವಂತೆ ಕೂಗಿದಳು.

ಶಶಿಕಲಾ ಬಾಯಿ ಬಿಟ್ಟುಕೊಂಡು ನಿಂತಳು. ಎಷ್ಟೋ ದಿನದ ಮೇಲೆ ಅಜ್ಜಿ ಊಟದ ಸುದ್ದಿ ಎತ್ತಿದ್ದಳು.

ಬಿಸಿ ರೊಟ್ಟಿಯ ಮೇಲೆ ಪಲ್ಯ ಹಾಕಿ ಗೋಪಮ್ಮ ಮುದುಕಿಯ ಮುಂದಿಟ್ಟಳು. ಪಕ್ಕದಲ್ಲಿ ಮೌನಪ್ಪನಿಗೆ ಅವನ ನುಚ್ಚಿನ ತಾಟು. ಮುದುಕಿ ನಡುಗುವ ಕೈಯಲ್ಲಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಂತಿತು. ಹುಬ್ಬು ಗಂಟಿಕ್ಕಿತು.

"ಎಲ್ಲಿಯಾಕಿಬೇ ನೀನು?"

"ಮಸರಕಲ್ಲಿನಾಕಿ ರೀ ಯವ್ವಾ."

"ಮಸರಕಲ್ಲಿನಾಗ ಉಪ್ಪು ಸಿಗಂಗಿಲ್ಲೇನು? ಉಪ್ಪ ಇಲ್ಲಲ್ಲಬೇ ಇದರಾಗ!"

ಗೋಪಮ್ಮ ನಿಂತಲ್ಲೇ ನಿಂತಳು. ಹಾಕಿರಲಿಲ್ಲ. ಮೆಣಸಿನಕಾಯಿ ಹಾಕಿದ ಕೈ, ಬೆಳ್ಳುಳ್ಳಿ ಹಾಕಿದ ಕೈ, ಉಪ್ಪಿನ ಕಡೆ ಹೋಗಿರಲೇ ಇಲ್ಲ. ಉಪ್ಪಿಲ್ಲದ ಒಲೆಯ ಮುಂದೆ ಅಷ್ಟು ದಿನ ಕುಳಿತು ಕೈಗೆ ಅದರ ನೆನಪೇ ಹೋಗಿತ್ತು. ಹುಟ್ಟಿದಾಗಿಂದ ಆಕೆಯ ಅಡುಗೆಗೆ ಯಾರೂ ಈ ಮಾತು ಆಡಿರಲಿಲ್ಲ. ಕಿವಿ ಬಿಸಿಯಾದವು.

"ಏನ್ ನಿಂತು ನೋಡ್ತಿ? ಉಪ್ಪು ತಗೊಂಬಾ!" ಎಂದು ಮುದುಕಿ ಗದರಿದಳು.

ಶಶಿಕಲಾ ಓಡಿಹೋಗಿ ಬಟ್ಟಲು ತಂದಿಟ್ಟಳು. ಮುದುಕಮ್ಮ ಮೂರು ಬೆರಳಲ್ಲಿ ಉಪ್ಪು ತೆಗೆದು, ಪಲ್ಯಕ್ಕೆ ಹಾಕಿ, ನಿಧಾನವಾಗಿ ಕಲಸಿದಳು. ಒಂದು ತುತ್ತು ತಾನು ತಿಂದು "ಹಾಂ" ಎಂದಳು. ಎರಡನೆಯ ತುತ್ತು ಎತ್ತಿದವಳು ಪಕ್ಕಕ್ಕೆ ನೋಡಿದಳು. ಮೌನಪ್ಪನ ತಾಟು, ಅದರಲ್ಲಿನ ಬಿಳಿ ನುಚ್ಚು, ಅದರ ಮೇಲೆ ಬಾಗಿದ ಅವನ ಮುಖ, ಎಲ್ಲ ನೋಡಿದಳು.

"ಇದೇನೋ ಉಣ್ಣಾಕತ್ತಿ, ಬ್ಯಾನಿ ಬಿದ್ದವನಂಗ? ಬಾಯಿ ತೆಗಿ."

ಮೌನಪ್ಪ ಕಲ್ಲಾದ. ಮುದುಕಿಯ ಕೈ ಅವನ ಬಾಯಿಯ ಮುಂದೆ ನಡುಗುತ್ತ ನಿಂತಿತ್ತು. ಅದರಲ್ಲಿ ಉಪ್ಪಿತ್ತು, ಖಾರವಿತ್ತು, ಹುಳಿಯಿತ್ತು, ಎಣ್ಣೆ ಬೆರಳಿನಿಂದ ತೊಟ್ಟಿಕ್ಕುತ್ತಿತ್ತು. ಉಣ್ಣು ಎಂಬ ಮಾತು ಗೋಪಮ್ಮನ ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಒಮ್ಮೆ ಮೋಸ ಮಾಡಿದವಳು ತಾನು, ಈಗ ಅವನೇ ತೀರ್ಮಾನ ಮಾಡಲಿ.

"ಕೈ ನೋಯಾಕತ್ತಾವೋ. ತೆಗಿ ಬಾಯಿ," ಎಂದಳು ಮುದುಕಿ.

ಮೌನಪ್ಪ ಬಾಯಿ ತೆರೆದ.

ಅಗಿದ. ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು, ಖಾರಕ್ಕೋ ಮತ್ತೆ ಯಾತಕ್ಕೋ. ನುಂಗಿದ ಮೇಲೆ ಸಣ್ಣ ದನಿಯಲ್ಲಿ, "ಯವ್ವಾ, ಪತ್ಯ ಬಿಟ್ಟಂಗಾತೇನ್ರಿ?" ಎಂದು ಕೇಳಿದ.

"ಯಾವ ಪತ್ಯನೋ? ಉಣ್ಣು ಅಂದ್ರ ಉಣ್ಣಬೇಕು," ಎಂದು ಮುದುಕಮ್ಮ ಇನ್ನೊಂದು ತುತ್ತು ತುರುಕಿದಳು.

ಅವಳಿಗೆ ನೆನಪು ಬಂದಿತ್ತೋ ಇಲ್ಲವೋ, ದೇವರೇ ಬಲ್ಲ. ಬಂದಿರಲಿಕ್ಕಿಲ್ಲ. ಐವತ್ತು ವರ್ಷ ರೋಗಿಗಳ ಬಾಯಿಗೆ ಉಪ್ಪಿನ ತುತ್ತಿಟ್ಟ ಕೈ ಬಿಳಿ ತಾಟು ಕಂಡು ತಾನಾಗಿಯೇ ಹೋಯಿತೋ ಏನೋ. ಮೌನಪ್ಪ ಆ ಲೆಕ್ಕಕ್ಕೆ ಹೋಗಲಿಲ್ಲ. ಅವಳ ಕೈ, ಅವಳ ಉಪ್ಪು, ಅವಳ ಮಾತು. ಅವನಿಗೆ ಅಷ್ಟು ಸಾಕಾಗಿತ್ತು. ನುಚ್ಚಿನ ತಾಟನ್ನು ಆಚೆ ಸರಿಸಿ, ಹೆಂಡತಿಯ ಕಡೆ ತಿರುಗಿ, "ರೊಟ್ಟಿ ಹಾಕಬೇ," ಎಂದ.

ಗೋಪಮ್ಮ ಹಾಕಿದಳು. ಎರಡನೆಯದನ್ನೂ ಹಾಕಿದಳು, ಮೂರನೆಯದಕ್ಕೆ ಅಡುಗೆಮನೆಗೆ ಹೋಗಿ ಗೋಡೆಗೆ ಹಣೆಯಿಟ್ಟು ಜೋರಾಗಿ ಅತ್ತುಬಿಟ್ಟಳು. ಅಬ್ಬಾ, ಉಳಕೊಂಡ, ಉಳಕೊಂಡನಲ್ಲಪ್ಪಾ ನನ್ನ ಗಂಡ ಎಂದು ಬಾಯಿ ಬಿಟ್ಟೇ ಅಂದಳು. ಎಷ್ಟೋ ದಿನದಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಎದ್ದುಹೋದ ಹಾಗಾಯಿತು. ಶಶಿಕಲಾ ಬೆನ್ನು ಸವರಿ, "ನಾಕನೇ ರೊಟ್ಟಿ ಬ್ಯಾಡ್ರಿ, ಇವತ್ತೇ ಅಷ್ಟು ಉಂಡ್ರ ಹೊಟ್ಟಿ ಕೆಡ್ತದ," ಎಂದು ನರ್ಸಿನ ಹಾಗೆ ಹೇಳಿದಳು. ಆಮೇಲೆ ಕೈಗೆ ಒಂದು ತಾಟು ಕೊಟ್ಟು, "ನೀವೂ ಉಣ್ರಿ ಅಮ್ಮ. ಮುಂಜಾನಿಂದ ಏನೂ ತಿಂದಿಲ್ಲ," ಎಂದಳು.

ಗೋಪಮ್ಮ ಖಾಲಿ ತಾಟು ಹಿಡಿದು ಬಂದು ಮುದುಕಮ್ಮನ ಮುಂದೆ ಕುಳಿತಳು. ರೊಟ್ಟಿ ಹಾಕಿಕೊಳ್ಳಲಿಲ್ಲ, ಪಲ್ಯ ಹಾಕಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಯವ್ವಾ," ಎಂದಳು, "ನನಗೂ ಒಂದು ತುತ್ತು ಹಾಕ್ರಿ. ನಾನೂ ಪತ್ಯದಾಗ ಅದೀನಿ."

ಮೌನಪ್ಪನ ಕೈ ಬಾಯಿಯ ಹತ್ತಿರ ನಿಂತಿತು. ಇದನ್ನು ಆಕೆ ಅವನಿಗೆ ಹೇಳಿರಲಿಲ್ಲ, ಮಗನಿಗೆ, ಸೊಸೆಗೆ ಹೇಳಿರಲಿಲ್ಲ, ಕಥೆ ಹೇಳುವವರೂ ಇಲ್ಲಿಯವರೆಗೆ ನಿಮಗೆ ಹೇಳಿರಲಿಲ್ಲ. ಚಿಟಿಕೆ ಉಪ್ಪಿನ ಮೋಸ ಮಾಡಿದ ಆ ಸಂಜೆಯಿಂದ ಆಕೆ ಅವನ ಮಡಕೆಯದ್ದನ್ನೇ, ಅವನು ಬಿಟ್ಟೆದ್ದ ನುಚ್ಚನ್ನೇ ಹಿತ್ತಲಲ್ಲಿ ಕುಳಿತು ಉಣ್ಣುತ್ತಿದ್ದಳು. ಅವನು ಎಲ್ಲಿಯವರೆಗೋ ತಾನೂ ಅಲ್ಲಿಯವರೆಗೆ ಎಂದು ಒಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಕೊಂಡಿದ್ದಳು.

"ಎಷ್ಟು ದಿನ ಆತು?" ಎಂದು ಮೌನಪ್ಪ ಕೇಳಿದ.

"ನಲವತ್ತು ಆದ್ವೇನೋ."

ಮೌನಪ್ಪ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ. ಮುದುಕಮ್ಮ ಇಬ್ಬರ ಮುಖವನ್ನೂ ನೋಡಿದಳು. "ಏನು ಮಂದಿಯೋ ಏನೋ, ದೊಡ್ಡವರಾದ್ರೂ ಕೈಯಾಗ ತಗೊಂಡು ಉಣ್ಣಾಕ ಬರಂಗಿಲ್ಲ," ಎಂದು ಗೊಣಗುತ್ತ ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಬಟ್ಟಲಿನಿಂದ ಇನ್ನೊಂದು ಚೂರು ಉಪ್ಪು ಮೇಲೆ ಉದುರಿಸಿ ಗೋಪಮ್ಮನ ಬಾಯಿಗಿಟ್ಟಳು.

ಉಪ್ಪು ಸ್ವಲ್ಪ ಜಾಸ್ತಿಯೇ ಆಗಿತ್ತು. ಗೋಪಮ್ಮ ಏನೂ ಅನ್ನದೆ ಅಗಿದು ನುಂಗಿ, ಇನ್ನೊಂದು ತುತ್ತಿಗೆ ಬಾಯಿ ತೆರೆದಳು.